ಪಾಸ್ ಓವರ್

ನನ್ನ ತಮ್ಮ ಮಾನವ ಹಕ್ಕುಗಳ ವಕೀಲ. ಜೈಲಲ್ಲಿ ಕೊಳೆಯುತ್ತಿದ್ದವರನ್ನು ಹೊರಗೆ ತರುವುದರಲ್ಲೇ ಅವನ ತಲೆಗೂದಲು ಹಣ್ಣಾಯಿತು. ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಂಡವನಲ್ಲ. ಅವನ ಊಟ, ಕರಿಕೋಟು, ಸಿಟ್ಟು, ಮೂರನ್ನೂ ಸಂಭಾಳಿಸುವವಳು ನಾನು. ಅಂಥವನಿಗೆ ಕೊನೆಗೂ ಒಂದು ಸನ್ಮಾನ ಅಂದಾಗ ನಾನು ಉಬ್ಬಿ ಹೋದದ್ದು ಸುಳ್ಳಲ್ಲ. ಹೊಸ ಬಟ್ಟೆ ಉಟ್ಟು ಮುಂದಿನ ಸಾಲಲ್ಲೇ ಕೂತಿದ್ದೆ.

ಪಕ್ಕದ ಖಾಲಿ ಕುರ್ಚಿಗೆ ಒಬ್ಬ ಹೆಂಗಸು ಏದುಸಿರು ಬಿಡುತ್ತ ಬಂದು ಕೂತಳು. ಬಟ್ಟೆ ಹೊಲಿಯುವವಳು. ನಮ್ಮ ಮನೆಯ ಮುಂದಿನ ಕೋಣೆಯೇ ತಮ್ಮನ ಆಫೀಸು, ಅಲ್ಲಿಗೆ ಬಂದಾಗೆಲ್ಲ ನನ್ನ ಕೈಯಿಂದ ನೀರು ಇಸಿದುಕೊಂಡು ಕುಡಿದಿದ್ದಳು. ಕೆಲಸ ಕಳೆದುಕೊಂಡವರ ಜೊತೆ ಕಾರ್ಖಾನೆ ಗೇಟಿನ ಮುಂದೆ ಕೂತಿದ್ದಕ್ಕೆ ಅವಳ ಮಗನನ್ನು ಪೊಲೀಸರು ಎಳೆದೊಯ್ದು ಒಳಗೆ ಹಾಕಿದ್ದರು. ಅವನ ಜಾಮೀನಿನ ಕೇಸು ಅವತ್ತೇ ಇತ್ತು.

"ಅಕ್ಕಾ, ಪಾಸಾಯ್ತು," ಅಂದಳು. "ಬೆಳಿಗ್ಗೆ ಸರ್ ಜೂನಿಯರ್ರು ಎದ್ದು ಪಾಸ್ ಅಂದ್ರು. ಜಡ್ಜೂ ಆಯ್ತು ಅಂದ್ರು. ಕಿವಿಯಾರೆ ಕೇಳ್ದೆ. ಸರ್‌ಗೆ ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ."

ತೊಡೆಯ ಮೇಲಿನ ಚೀಲ ಬಿಡಿಸಿ ತೋರಿಸಿದಳು. ಎಳೆದಾಟದಲ್ಲಿ ಮಗನ ಕಾಲಿಂದ ಕಳಚಿಬಿದ್ದಿದ್ದ ಚಪ್ಪಲಿ. ಹೊಸ ಬಾರು ಹಾಕಿಸಿದ್ದಳು.

"ಬರಿಗಾಲಲ್ಲಿ ಮನೆಗೆ ಬರಬಾರ್ದಲ್ಲ."

ಇಷ್ಟು ವರ್ಷ ವಕೀಲನಿಗೆ ಅನ್ನ ಹಾಕಿದವಳಿಗೆ ಅಷ್ಟೂ ತಿಳಿಯದೇ? ಅದು ಪಾಸಲ್ಲ, ಪಾಸ್ ಓವರ್. ನಮ್ಮ ಸೀನಿಯರ್ ಇನ್ನೂ ಬಂದಿಲ್ಲ, ಈ ಕೇಸನ್ನು ಆಮೇಲೆ ಕೂಗಿ ಅಂತ ಕೇಳಿಕೊಳ್ಳುವುದು. ಆಮೇಲೆ ಅಂದರೆ ಈ ಮಧ್ಯಾಹ್ನವೇ. ನಾಳೆಯಿಂದ ಕೋರ್ಟಿಗೆ ಬೇಸಿಗೆ ರಜೆ. ಜಾಮೀನಿನ ವಾದವನ್ನು ಜೂನಿಯರ್‌ಗೆ ಬಿಟ್ಟುಕೊಡುವ ಪೈಕಿಯಲ್ಲ ನನ್ನ ತಮ್ಮ.

ಅವನು ವೇದಿಕೆಯ ಮೇಲಿದ್ದ. ಅಧ್ಯಕ್ಷರು ಹೊಗಳಿ ಅಟ್ಟಕ್ಕೇರಿಸುತ್ತಿದ್ದರು. ನಾನು ಮೆಟ್ಟಿಲ ಬಳಿ ಹೋಗಿ ಕೈಸನ್ನೆ ಮಾಡಿದೆ. ಅವನು ಕೂತಲ್ಲಿಂದಲೇ ಬಗ್ಗಿದ.

"ಪುಟ್ಟಾ, ಆ ಹುಡುಗನ ಕೇಸು ಕೂಗ್ತಾರೆ ಕಣೋ. ಏಳು."

"ಐದ್ನಿಮಿಷ ಅಕ್ಕ, ಫಲಕ ತಗೊಂಡು ಬಂದ್ಬಿಡ್ತೀನಿ. ಇಷ್ಟು ಜನ ಕೂತಿದಾರೆ, ಚೆನ್ನಾಗಿರಲ್ಲ."

ಕಿವಿ ಹಿಂಡಿ ಎಬ್ಬಿಸಬೇಕಿತ್ತು. ಆದರೆ ಸಭೆಯೆಲ್ಲ ನನ್ನನ್ನೇ ನೋಡುತ್ತಿತ್ತು. ಅವನು ಫಲಕ ಹಿಡಿದು ನಿಲ್ಲುವುದನ್ನು ನೋಡುವ ಆಸೆ ನನಗೂ ಇತ್ತು, ನಾಚಿಕೆಗೆಟ್ಟವಳು ನಾನು. ಬಂದು ಕೂತೆ. ಅಧ್ಯಕ್ಷರು "ಜೈಲಿನ ಬೀಗ ತೆಗೆಸಿದ ಮಹಾನುಭಾವರು" ಅಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನನ್ನ ಪಕ್ಕದವಳು. ನನ್ನ ಮೈ ಹಿಡಿಯಷ್ಟಾಯಿತು.

ಐದು ನಿಮಿಷ ಎಲ್ಲಿಗೋ ಹೋಯಿತು. ಕಡೆಗೆ ಮೂವರೂ ಕೋರ್ಟಿಗೆ ಟ್ಯಾಕ್ಸಿ ಹತ್ತಿದೆವು. ಮಗನನ್ನು ಕರೆತರಲು ಹೊರಟಿದ್ದೇವೆ ಅಂದುಕೊಂಡು ಆ ತಾಯಿ ದಾರಿಯುದ್ದಕ್ಕೂ ಅವನ ಚಿಕ್ಕಂದಿನ ತುಂಟತನ ಹೇಳಿ ನಕ್ಕಳು. ತಮ್ಮ ಗಡಿಯಾರ ನೋಡುತ್ತಿದ್ದ, ನಾನು ರಸ್ತೆ ನೋಡುತ್ತಿದ್ದೆ.

ಜಡ್ಜು ಎದ್ದು ಹೋಗಿದ್ದರು. ಜೂನಿಯರ್ ಹುಡುಗಿ ಮೆಟ್ಟಿಲ ಮೇಲೆ ಅಳುತ್ತ ಕೂತಿದ್ದಳು. ಕೇಸು ಕೂಗಿದರಂತೆ, ಸೀನಿಯರ್ ಬರಲಿಲ್ಲವೆಂದು ರಜೆಯ ಆಚೆಗೆ ಹಾಕಿದರಂತೆ. ತಮ್ಮ ಫಲಕವನ್ನು ಕಂಕುಳಲ್ಲಿ ಅವುಚಿಕೊಂಡು, ಬೀಗ ಹಾಕುತ್ತಿದ್ದ ಜವಾನನ ಹತ್ತಿರ ಗೋಗರೆಯುತ್ತಿದ್ದ.

"ಪಾಸಾದ್ಮೇಲೆ ಬೀಗ ಯಾಕೆ ಅಕ್ಕ?"

ಹೇಳಲೇಬೇಕಾಯಿತು. "ಅದು ಪಾಸಲ್ಲಮ್ಮ. ಸರ್ ಬರೋವರೆಗೂ ತಡೀರಿ ಅಂತ ಕೇಳಿದ್ದು ಅಷ್ಟೇ. ಸರ್ ಬರ್ಲಿಲ್ಲ."

ಅವಳು ಬೀಗದ ಕಡೆ ನೋಡಿದಳು. "ಹಂಗಾದ್ರೆ, ಫೇಲಾ?"

"ರಜೆ ಮುಗಿಯೋವರೆಗೂ ಒಳಗೇ ಇರ್ಬೇಕು."

ಬೈದಾಳು, ಶಾಪ ಹಾಕಿಯಾಳು ಅಂದುಕೊಂಡೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಚೀಲದ ಬಾಯಿ ಕಟ್ಟಿ ನನ್ನ ತೋಳು ಹಿಡಿದುಕೊಂಡಳು.

"ಮೆಲ್ಲಗೆ ಅಕ್ಕ. ಸರ್ ಕಿವಿಗೆ ಬಿದ್ದೀತು. ಸನ್ಮಾನದ ದಿನ, ಪಾಪ, ಮನಸ್ಸಿಗೆ ಹಚ್ಕೋತಾರೆ."

ಬಿದ್ದಿತ್ತು. ಅವನು ನಮ್ಮ ಕಡೆ ತಿರುಗಲಿಲ್ಲ. ಗೋಡೆಗೆ ಮುಖ ಮಾಡಿ ಆ ಫಲಕವನ್ನು ಕೋಟಿನೊಳಗೆ ತುರುಕಲು ಒದ್ದಾಡುತ್ತಿದ್ದ. ಅದು ದೊಡ್ಡದಿತ್ತು, ಹಿಡಿಸಲಿಲ್ಲ.