ಇನ್ನೆರಡು ಇಂಚು

ಮುಂಬಯಿಯ ಬೊರಿವಲಿಯ ಗುಡ್ಡದ ಬುಡದಲ್ಲಿ ಕಲ್ಲುಗಣಿ ನಡೆಸುತ್ತಿದ್ದ ಅಣವೀರಪ್ಪ ಸಾವ್ಕಾರನಿಗೆ ತನ್ನ ಜೀಪು ಗಿಡ್ಡ ಎಂದು ಇದ್ದಕ್ಕಿದ್ದಂತೆ ಅನ್ನಿಸಿತು. ಮಿಲಿಟರಿಯವರು ಹರಾಜು ಹಾಕಿದ್ದ ಆ ಜೀಪಿನಲ್ಲಿ ಒಂಬತ್ತು ವರ್ಷ ಗುಡ್ಡ ಹತ್ತಿ ಇಳಿದವನು, ಎಪ್ಪತ್ತೆರಡರ ದಸರೆ ಮುಗಿದ ಮೇಲೆ ಒಂದು ಬೆಳಿಗ್ಗೆ ಅದರ ಸುತ್ತ ಎರಡು ಸಲ ತಿರುಗಿ, ಡ್ರೈವರ್ ನಿಂಗಣ್ಣನನ್ನು ಕರೆದ.

“ಇದಕ ಟ್ರಕ್ಕಿನ ಗಾಲಿ ಹಾಕಸೂಣು. ಅದಕ ಗಾಡಿ ಮ್ಯಾಲೆ ಎತ್ತಬೇಕಾಕ್ಕೈತಿ. ಆಂಟಾಪ್ ಹಿಲ್‌ನಾಗ ನಮ್ಮ ಕಡೆಯಾಂವ ಕಾಂತಪ್ಪ ಅದಾನಲ್ಲ, ಎಷ್ಟ ಖರ್ಚ ಬರ್ತೈತಿ ಕೇಳ್ಕೊಂಡ ಬಾ.”

“ಹೂನ್ರಿ ಸಾವ್ಕಾರ್ರ,” ಅಂದ ನಿಂಗಣ್ಣ.

ನಿಂಗಣ್ಣನ ಎಡ ಸೊಂಟ ಮಡಚುತ್ತಿರಲಿಲ್ಲ. ಕ್ಲಚ್ ಒತ್ತುವುದಕ್ಕೆ ತೊಂದರೆ ಇರಲಿಲ್ಲ, ಕಾಲು ಮೇಲೆತ್ತುವುದೇ ಆಗುತ್ತಿರಲಿಲ್ಲ. ಜೀಪಿಗೆ ಬೆನ್ನು ಮಾಡಿ ನಿಂತು, ಸೀಟಿನ ಅಂಚಿಗೆ ಕುಂಡೆ ಊರಿ, ಆಮೇಲೆ ಎಡಗಾಲನ್ನು ಪ್ಯಾಂಟಿನ ಸಮೇತ ಕೈಯಿಂದ ಹಿಡಿದೆತ್ತಿ ಒಳಗಿಟ್ಟುಕೊಳ್ಳುತ್ತಿದ್ದ. ಸೀಟು ಇನ್ನು ಒಂದು ಗೇಣು ಮೇಲೆ ಹೋದರೆ ಅವನ ಆಟ ಮುಗಿಯಿತು. ಆಟ ಮುಗಿದರೆ ಗಣಿಯ ಬದಿಗೆ ಸಾವ್ಕಾರ ಕೊಟ್ಟ ತಗಡಿನ ಖೋಲಿಯೂ ಹೋಯಿತು. ಮುಂಬಯಿಯಲ್ಲಿ ನಲವತ್ತೆಂಟು ವರ್ಷದ ಕುಂಟ ಡ್ರೈವರನಿಗೆ ಇನ್ಯಾರು ಖೋಲಿ ಕೊಡುತ್ತಾರೆ?

ಆ ಸೊಂಟ ಮುರಿದದ್ದೂ ಸಾವ್ಕಾರನ ಮನೆಯ ಸಲುವಾಗಿಯೇ. ಐದು ವರ್ಷದ ಹಿಂದೆ ಸಾವ್ಕಾರನ ತಾಯಿ ಗುರುಬಾಯಿಯನ್ನು ದವಾಖಾನೆಗೆ ಕರೆದೊಯ್ಯುವಾಗ ಮಳೆಯಲ್ಲಿ ಜೀಪು ಜಾರಿ ಮಗ್ಗುಲಾಯಿತು. ನಿಂಗಣ್ಣ ಮುದುಕಿಯನ್ನು ಆಚೆ ತಳ್ಳಿ ತಾನು ಅಡಿಗೆ ಸಿಕ್ಕಿಕೊಂಡ. ಮುದುಕಿಗೆ ತರಚಿದ ಗಾಯವೂ ಆಗಲಿಲ್ಲ. ಮೂರು ವರ್ಷ ಆದಮೇಲೆ ಸಾಯುವ ಹೊತ್ತಿಗೆ ಆಕೆ ಮಗನನ್ನು ಹತ್ತಿರ ಕೂರಿಸಿಕೊಂಡು, ಸವದತ್ತಿಯಿಂದ ತಂದಿಟ್ಟಿದ್ದ ಎಲ್ಲವ್ವನ ಅರಿಷಿಣದ ಭಂಡಾರವನ್ನು ಅವನ ಅಂಗೈಗೆ ಸುರಿದು ಆಣೆ ಮಾಡಿಸಿದಳು: “ನಿಂಗಣ್ಣ ತಾನಾಗಿ ಗಾಡಿ ಏರೂವಷ್ಟ ದಿನ, ಇಳಿ ಅಂತ ನಾ ಅನ್ನಂಗಿಲ್ಲ.” ಇಡೀ ಗಣಿಯೇ ಬಾಗಿಲಲ್ಲಿ ನಿಂತು ಕೇಳಿತ್ತು. ನಮ್ಮ ಜನ ಕೋರ್ಟಿನ ಕಾಗದ ಹರಿದಾರು, ಭಂಡಾರ ಮುಟ್ಟಿ ಆಡಿದ ಮಾತು ಮುರಿಯುವುದಿಲ್ಲ. ಅಣವೀರಪ್ಪನೂ ಮುರಿಯುವವನಲ್ಲ. ಆದರೆ ಅವನ ಹೆಂಡತಿಯ ತಮ್ಮ ಊರಿನಿಂದ ಬಂದು, ಲೈಸೆನ್ಸ್ ಮಾಡಿಸಿಕೊಂಡು, ಆರು ತಿಂಗಳಿಂದ ಅಕ್ಕನ ಮನೆಯ ರೊಟ್ಟಿ ಮುರಿಯುತ್ತ ಕೂತಿದ್ದ.

ನಿಂಗಣ್ಣನಿಗೆ ಇದೆಲ್ಲ ತಲೆಗೆ ಹೋಗಲಿಲ್ಲ. ಸಾವ್ಕಾರನಿಗೆ ಟ್ರಕ್ಕಿನ ಗಾಲಿಯ ಹುಚ್ಚು ಹಿಡಿದಿದೆ, ಖರ್ಚು ಕೇಳಿದರೆ ಬಿಡುತ್ತದೆ ಎಂದುಕೊಂಡ. ಕೊತ್ತಂಬರಿ ಕಟ್ಟಿಗೆ ಐದು ಪೈಸೆ ಚೌಕಾಶಿ ಮಾಡುವ ಮನುಷ್ಯ ಅವನು.

ಆಂಟಾಪ್ ಹಿಲ್‌ನ ಗ್ಯಾರೇಜಿನಲ್ಲಿ ಕಾಂತಪ್ಪ ಜೀಪಿನ ಕೆಳಗೆ ಮಲಗಿ ಎದ್ದು, ಕೈ ಒರೆಸಿಕೊಳ್ಳುತ್ತ ಲೆಕ್ಕ ಹೇಳಿದ. ಭಾರ ಹೊರುವ ಉಕ್ಕಿನ ಪಟ್ಟಿಗಳನ್ನು ಬಿಚ್ಚಿ ಹೊಸವು ಕೂಡಿಸಬೇಕು. ಗಾಡಿ ಮೇಲೆ ಹೋದರೆ ಬ್ರೇಕಿನ ಪೈಪು ಸಾಲುವುದಿಲ್ಲ, ಉದ್ದನೆಯದು ಹಾಕಬೇಕು. ಸ್ಟೇರಿಂಗಿನ ರಾಡು ಬಗ್ಗಿಸಬೇಕು. ಗಾಲಿಗಳು ಬೇರೆ. ಎಲ್ಲ ಸೇರಿ ಹನ್ನೊಂದು ನೂರು.

“ಇಪ್ಪತ್ತೆರಡು ನೂರ ಅಂತ ಬರಕೊಡು,” ಅಂದ ನಿಂಗಣ್ಣ.

ಕಾಂತಪ್ಪ ನಕ್ಕ. “ನಿನ್ನ ಪಾಲ ಎಷ್ಟ?”

“ನನಗ ಒಂದ ಪೈ ಬ್ಯಾಡ. ಸಾವ್ಕಾರ ಹೆದರಬೇಕು, ಅಷ್ಟ.”

“ಹದಿನೆಂಟ ವರ್ಷ ಆತು ಈ ಧಂದೆ ಮಾಡಾಕತ್ತು. ಪಾಲ ಇಟ್ಟು ಹೇಳು ಅನ್ನೋ ಡ್ರೈವರಗೋಳನ್ನ ನೋಡೇನಿ. ಬರೇ ಹೆಚ್ಚ ಹೇಳು ಅನ್ನಾಂವನ್ನ ಇವತ್ತ ನೋಡಿದೆ,” ಎಂದು ಕಾಂತಪ್ಪ ಬರೆದುಕೊಟ್ಟ. ಸೊಂಟದ ಸುದ್ದಿ ಕೇಳಿದ ಮೇಲೆ ಅವನ ನಗು ನಿಂತಿತು.

ಅಣವೀರಪ್ಪ ಕಾಗದವನ್ನು ನಿಧಾನವಾಗಿ ಓದಿದ. ನಿಂಗಣ್ಣ ಅವನ ಮುಖವನ್ನೇ ನೋಡುತ್ತ ನಿಂತ. ಸಾವ್ಕಾರ ಬೈಯಲಿಲ್ಲ, ಕಾಂತಪ್ಪನನ್ನು ಕಳ್ಳ ಎನ್ನಲಿಲ್ಲ. ಕಪಾಟು ತೆಗೆದು ನೋಟು ಎಣಿಸಿ ಮೇಜಿನ ಮೇಲಿಟ್ಟ.

“ಅಡ್ಡಿಯಿಲ್ಲ. ಇಷ್ಟ ರೊಕ್ಕಕ್ಕ ಇನ್ನೆರಡ ಇಂಚ ಹೆಚ್ಚ ಎತ್ತು ಅಂತ ಹೇಳು.”

ಸಾವ್ಕಾರನಿಗೆ ಬೇಕಾದದ್ದು ಗಾಲಿಯಲ್ಲ, ತಾನು ಗಾಡಿ ಏರಲಾರದಂತಾಗುವುದು ಎಂದು ನಿಂಗಣ್ಣನಿಗೆ ಆಗ ತಿಳಿಯಿತು. ತಾನು ಹೆಚ್ಚು ಬರೆಸಿದ ಹನ್ನೊಂದು ನೂರು ರೂಪಾಯಿಯೇ ತನ್ನ ಕುತ್ತಿಗೆಗೆ ಬಂದಿತ್ತು. ಆ ದುಡ್ಡಿನಲ್ಲಿ ಅವನಿಗೆ ವರ್ಷದ ಪಗಾರ ಕೊಟ್ಟು, ಇಲ್ಲೇ ಬಿದ್ದಿರು ಮಾರಾಯ ಎನ್ನಬಹುದಿತ್ತು. ಆದರೆ ಹಾಗೆ ಅಂದರೆ ಸಾವ್ಕಾರ ಸೋತಂತೆ ಆಗುತ್ತಿತ್ತು. ಕೆಲವರಿಗೆ ದುಡ್ಡು ಹೋದರೂ ಚಿಂತೆಯಿಲ್ಲ, ಇನ್ನೊಬ್ಬನ ಋಣ ಮಾತ್ರ ಕಣ್ಣೆದುರು ಓಡಾಡಬಾರದು.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಹಾಲವ್ವನಿಗೆ ಎಲ್ಲ ಹೇಳಿದ. ಬೊರಿವಲಿಯ ಬಿಲ್ಡಿಂಗುಗಳಲ್ಲಿ ನಾಲ್ಕು ಮನೆಯ ಪಾತ್ರೆ ತಿಕ್ಕುತ್ತಿದ್ದ ಹಾಲವ್ವ ಗಟ್ಟಿ ಹೆಣ್ಣು, ಅಳಲಿಲ್ಲ.

“ಏರಾಕ ಬಂದರ ಆತಿಲ್ರಿ? ಕಾಂತಪ್ಪಗ ಹೇಳಿ ಒಂದ ಪಾವಟಿಗಿ ಹಚ್ಚಸ್ರಿ.”

ಕಾಂತಪ್ಪ ಸೀಟಿನ ಕೆಳಗೆ ಕಾಲಿಟ್ಟು ಹತ್ತುವ ಪಾವಟಿಗೆ ಹಚ್ಚಿಕೊಟ್ಟ. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ, ಉಳಿದ ಕಬ್ಬಿಣದಲ್ಲಿ ಮಾಡಿ ವೆಲ್ಡಿಂಗ್ ಹೊಡೆದ. ನಿಂಗಣ್ಣ ಬಲಗಾಲು ಅದರ ಮೇಲಿಟ್ಟು, ತಿರುಗಿ, ಸೀಟಿಗೆ ಕೂತು ನೋಡಿದ. ಬಂತು. ನಾಲ್ಕು ಸಲ ಹತ್ತಿ ನಾಲ್ಕು ಸಲ ಇಳಿದ. ಆಂಟಾಪ್ ಹಿಲ್‌ನಿಂದ ಬೊರಿವಲಿಯ ತನಕ ಲಾರಿಯವರ ಸಮಕ್ಕೆ ಕೂತು ಗಾಡಿ ಓಡಿಸುತ್ತ, ಬಹಳ ದಿನದ ಮೇಲೆ ಅವನಿಗೆ ಖುಷಿಯಾಗಿತ್ತು. ಸಂಜೆ ಗಣಿಯಲ್ಲಿ ಗಾಡಿ ನಿಲ್ಲಿಸಿ ಖೋಲಿಗೆ ಹೋಗಿ ನಿಶ್ಚಿಂತೆಯಿಂದ ಮಲಗಿದ.

ಬೆಳಿಗ್ಗೆ ಪೂಜೆ. ಕಲ್ಲು ಒಡೆಯುವ ಗಂಡಸರು ಹೆಂಗಸರು ಎಲ್ಲ ನೆರೆದಿದ್ದರು. ಗಾಲಿಗೆ ನಿಂಬೆಹಣ್ಣು ಇಟ್ಟಾಗಿತ್ತು, ಕಾಯಿ ಒಡೆದಾಗಿತ್ತು. ನಿಂಗಣ್ಣ ಬಲಮಗ್ಗುಲಿಗೆ ಬಂದು ನೋಡುತ್ತಾನೆ, ಪಾವಟಿಗೆ ಇಲ್ಲ. ಗಣಿಯ ಕಮ್ಮಾರ ಉಳಿ ಹೊಡೆದು ಕತ್ತರಿಸಿದ ಜಾಗ ಬೆಳ್ಳಗೆ ಹೊಳೆಯುತ್ತಿತ್ತು.

“ನೋಡಾಕ ಛಂದ ಕಾಣಲಿಲ್ಲ, ತಗಸಿದೆ,” ಅಂದ ಅಣವೀರಪ್ಪ. ಬಹಳ ಮೆತ್ತಗೆ ಅಂದ. “ಏರು ನಿಂಗಣ್ಣ. ಹೊತ್ತಾತು.”

ಹಾಲವ್ವ ಆಗಲೇ ಪಾತ್ರೆಯ ಕೆಲಸಕ್ಕೆ ಹೋಗಿದ್ದಳು. ಒಂದು ಕಲ್ಲು ತಂದಿಡಲು ಯಾರೋ ಬಗ್ಗಿದರು. ಸಾವ್ಕಾರ ಕೈ ಅಡ್ಡ ಹಿಡಿದ. “ತಾನಾಗಿ ಏರಬೇಕು ಅಂತ ನಮ್ಮವ್ವನ ಮಾತು ಐತಿ. ಯಾರೂ ಕೈ ಹಚ್ಚಬ್ಯಾಡ್ರಿ.” ಬಗ್ಗಿದವನು ನೆಟ್ಟಗಾದ. ಅವನ ವಾರದ ಬಟವಾಡೆಯೂ ಇದೇ ಸಾವ್ಕಾರನ ಕೈಯಲ್ಲಿತ್ತು.

ನಿಂಗಣ್ಣ ಏರಿದ. ಎಡಗೈಯಿಂದ ಸ್ಟೇರಿಂಗು, ಬಲಗೈಯಿಂದ ಕನ್ನಡಿಯ ಚೌಕಟ್ಟು ಹಿಡಿದು, ಬಲಗಾಲನ್ನು ಗಾಲಿಯ ನಟ್ಟುಗಳಿಗೆ ಒದ್ದು, ತೋಳಿನ ಬಲದಲ್ಲಿ ಮೈಯನ್ನು ಮೇಲಕ್ಕೆ ಎಳೆದುಕೊಂಡ. ಎರಡು ಸಲ ಜಾರಿದ. ಮೂರನೆಯ ಸಲ ಹೊಟ್ಟೆಯ ಮೇಲೆ ಸೀಟಿಗೆ ಬಿದ್ದು, ಉರುಳಿ, ಕೂತ. ಸೊಂಟದೊಳಗೆ ಏನೋ ಕಟಕ್ಕೆಂದಿತು. ಅಷ್ಟಾದರೂ ಅವನ ಮುಖದಲ್ಲಿ ಗೆದ್ದ ಕಳೆ ಇತ್ತು. ಹೆಂಗಸರು ನೆಟಿಗೆ ಮುರಿದು ದೃಷ್ಟಿ ತೆಗೆದರು.

ಸಾವ್ಕಾರ ಪಕ್ಕದಲ್ಲಿ ಹತ್ತಿ ಕೂತ. ಗಣಿಯ ಸುತ್ತ ಒಂದು ಸುತ್ತು ಬಂದು, ಬಯಲಲ್ಲಿ, ನೆರಳಿಲ್ಲದ ಕಡೆ ಗಾಡಿ ನಿಲ್ಲಿಸಲು ಹೇಳಿದ. ಇಳಿದು ಚಾವಿ ತೆಗೆದುಕೊಂಡ. “ಇವತ್ತಿಗೆ ಗಾಡಿ ಕೆಲಸ ಇಷ್ಟ,” ಅಂದು ಆಫೀಸಿನ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿ ಕೂತ.

ಅವನು ಇಳಿ ಅನ್ನಲಿಲ್ಲ. ಅನ್ನುವ ಹಾಗಿರಲಿಲ್ಲವಲ್ಲ.

ನಿಂಗಣ್ಣ ಇಳಿಯಲು ನೋಡಿದ. ಎಡಗಾಲು ಈಗ ಕೈಯಿಂದ ಎತ್ತಿದರೂ ಬರಲಿಲ್ಲ, ಮುಟ್ಟಿದರೆ ಪ್ರಾಣ ಹೋಗುವ ನೋವು. ಕೆಳಗೆ ನೋಡಿದ. ಬಿದ್ದರೆ ಮತ್ತೆ ಏಳುವ ಮಾತಿಲ್ಲ. ಸುಮ್ಮನೆ ಕೂತ. ಬಿಸಿಲು ಏರಿತು. ಕಲ್ಲು ಒಡೆಯುವವರು ಕಣ್ಣು ತಪ್ಪಿಸುತ್ತ ಕಲ್ಲು ಒಡೆದರು. ಮಧ್ಯಾಹ್ನ ಹೆಂಗಸೊಬ್ಬಳು ನೀರು ಕೊಡಲು ಬಂದಾಗ ಸಾವ್ಕಾರನೇ “ಕೊಡು, ಕೊಡು” ಅಂದ. ನೀರು ಕುಡಿದದ್ದು ನಿಂಗಣ್ಣನ ತಪ್ಪಾಯಿತು. ಮೂರರ ಹೊತ್ತಿಗೆ ಅವನ ಪ್ಯಾಂಟು ಒದ್ದೆಯಾಗಿತ್ತು, ಸೀಟಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಅವನಿಗೆ ಸಾಯಬೇಕು ಅನ್ನಿಸಿತು.

ನಾಲ್ಕಕ್ಕೆ ಹಾಲವ್ವ ಬಂದಳು. ಗಂಡ ಎತ್ತರದಲ್ಲಿ ಕೂತದ್ದು ದೂರದಿಂದ ಕಂಡು ಮೊದಲು ಅವಳ ಮುಖ ಅರಳಿತು. ಹತ್ತಿರ ಬಂದು ಪ್ಯಾಂಟು ನೋಡಿದಳು. ತೋಳು ಚಾಚಿದಳು, ಅಷ್ಟು ಎತ್ತರದಿಂದ ಅವನನ್ನು ಒಬ್ಬಳೇ ಇಳಿಸುವಂತಿರಲಿಲ್ಲ. ಸುತ್ತ ನಿಂತವರ ಕಡೆ ತಿರುಗಿದಳು. ಒಬ್ಬರೂ ಅಲುಗಲಿಲ್ಲ.

“ಸಾಕ್ರಿ,” ಅಂದಳು ಗಂಡನಿಗೆ. “ಖೋಲಿ ಹೋದರ ಹೋಗಲಿ. ಕೇಳ್ರಿ ಸಾವ್ಕಾರ್ರನ್ನ.”

ನಿಂಗಣ್ಣ ಬಾಯಿ ತೆರೆದ. ಪಿಸುದನಿಯಲ್ಲಿ ಏನೋ ಅಂದ. ಅಣವೀರಪ್ಪ ಕುರ್ಚಿಯಿಂದ ಎದ್ದು ಬಂದು ಕಿವಿಗೆ ಕೈ ಹಿಡಿದ.

“ಏನಂದಿ? ಮಂದಿಗೆ ಕೇಳೂ ಹಂಗ ಹೇಳು.”

“ಇಳಸ್ರಿ ಸಾವ್ಕಾರ್ರ. ನಾ ಇನ್ನ ಗಾಡಿ ಏರಂಗಿಲ್ಲ.”

“ನಾ ಇಳಿ ಅಂದನೇನು?”

“ಇಲ್ರಿ. ನಾನ ಅಂದೆ.”

ಎತ್ತರದ ಆಳಾದ ಅಣವೀರಪ್ಪ ಅಂಗಿಯ ತೋಳು ಮಡಚಿಕೊಂಡು, ನಿಂಗಣ್ಣನ ಕಂಕುಳಿಗೆ ಕೈ ಹಾಕಿ ಎತ್ತಿದ. ಒದ್ದೆ ಪ್ಯಾಂಟು ತನ್ನ ಬಿಳಿ ಧೋತರಕ್ಕೆ ತಾಗಿದರೂ ಮುಖ ಸಿಂಡರಿಸಲಿಲ್ಲ. ತೊಟ್ಟಿಲ ಕೂಸನ್ನು ಇಳಿಸುವಂತೆ ಮೆಲ್ಲಗೆ ನೆಲಕ್ಕೆ ಇಳಿಸಿದ. ನೋಡುತ್ತಿದ್ದ ಮುದುಕಿಯೊಬ್ಬಳು ಕಣ್ಣೊರೆಸಿಕೊಂಡು, “ಎಂಥಾ ದೊಡ್ಡ ಮನಸ್ಸು ನಮ್ಮ ಸಾವ್ಕಾರಂದು,” ಅಂದಳು. ನಾಲ್ಕು ಜನ ಹೌದೆಂದರು.

“ಸೋಮವಾರದೊಳಗ ಖೋಲಿ ಖಾಲಿ ಮಾಡವ್ವಾ,” ಎಂದು ಹಾಲವ್ವನಿಗೆ ಹೇಳಿ ಸಾವ್ಕಾರ ಹೊರಡಲು ತಿರುಗಿದ. ಹೊರಡಲಾಗಲಿಲ್ಲ. ಕಾಲು ನೆಲಕ್ಕೆ ತಾಗಿದರೂ ನಿಲ್ಲಲಾರದ ನಿಂಗಣ್ಣ ಅವನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಜೋತುಬಿದ್ದಿದ್ದ. ಹಾಲವ್ವ ಬಂದು ಗಂಡನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.