ಬಂಡೆಯ ಮೇಲಿನ ಬೆಲ್ಲ

ಕೆಂಪಿರುವೆ ಅಂಗಿಯ ತೋಳಿನೊಳಗೆ ಹೊಕ್ಕು ಮೊಣಕೈ ಹತ್ತಿರ ಕಚ್ಚಿತು, ಬಂಡೆಯ ಮೇಲೆ ಬೆಲ್ಲ ಇಡುವಾಗ ಹತ್ತಿಕೊಂಡದ್ದೇ ಇರಬೇಕು, ಕೊಡವಿಕೊಳ್ಳೋಣವೆಂದರೆ ಹುಣಸೆಯ ಕೊಂಬೆ ಅಲುಗುತ್ತದೆ — ಕಚ್ಚವ್ವಾ, ಕಚ್ಚು, ನಿನ್ನನ್ನಂತೂ ನಾನು ಊಟಕ್ಕೆ ಕರೆದಿರಲಿಲ್ಲ, ಎಂದು ಬಾಬಾಜಾನ ಮನಸ್ಸಿನಲ್ಲೇ ಅಂದುಕೊಂಡ. ಕರೆದದ್ದು ಕರಡಿಯನ್ನು. ಇವತ್ತಿಗೆ ನಾಲ್ಕನೆಯ ದಿನ. ಮೊದಲ ದಿನ ಎರಡು ಅಚ್ಚು ಬೆಲ್ಲ, ಒಂದು ಡಜನ್ ಬಾಳೆಹಣ್ಣು, ಬೊಗಸೆ ಶೇಂಗಾ, ಯಾರೂ ಮುಟ್ಟಲಿಲ್ಲ, ಎರಡನೆಯ ದಿನ ಬೆಲ್ಲದ ಒಂದು ಮೂಲೆ ನೆಕ್ಕಿದ ಗುರುತು, ಮೂರನೆಯ ದಿನ ಬಂಡೆಯನ್ನು ಯಾರೋ ತೊಳೆದಿಟ್ಟ ಹಾಗೆ, ಸಿಪ್ಪೆ ಕೂಡ ಇಲ್ಲ — ಅದನ್ನು ನೋಡಿ ಖುಷಿಯಾಯಿತಲ್ಲ, ಥೂ ನಿನ್ನ, ಬೀಗರು ತಟ್ಟೆ ಖಾಲಿ ಮಾಡಿದಾಗ ಆಗುವಂಥದೇ ಖುಷಿ. ಅರವತ್ತೊಂದನೆಯ ವಯಸ್ಸಿನಲ್ಲಿ, ಹುಲಗೂರಿನಲ್ಲಿ ಮಟನ್ ಅಂಗಡಿ ಇಟ್ಟುಕೊಂಡು ಮರ್ಯಾದೆಯಿಂದ ಬದುಕಿದವನು, ಹೀಗೆ ದುಂಡಸಿಯ ಗುಡ್ಡದಂಚಿನ ಗೋವಿನಜೋಳದ ಹೊಲದಲ್ಲಿ ಮಂಗನ ಹಾಗೆ ಮರ ಹತ್ತಿ ಕೂತಿದ್ದಾನೆ, ತೊಡೆಯ ಮೇಲೆ ಅಪ್ಪನ ಕಾಲದ ಒಂಟಿನಳಿಗೆ ಬಂದೂಕು, ಬೆಳೆ ಕಾಯಲೆಂದು ಪರವಾನಗಿ ಕೊಟ್ಟದ್ದು, ಚುನಾವಣೆ ಬಂದಾಗಲೆಲ್ಲ ಶಿಗ್ಗಾವಿ ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ತರುವುದು, ಮೂವತ್ತು ವರ್ಷದಿಂದ ಪಾಪ ಅದು ಮಾಡಿದ ಕೆಲಸ ಈ ಪ್ರಯಾಣ ಒಂದೇ. ಕರಡಿಗೆ ಹೊಡೆದರೆ ಜೈಲು, ಗೊತ್ತು. ಹೊಡೆಯದೆ ಹೋದರೆ ಗೆಳೆಯ ಪರಮೇಶಪ್ಪನ ಮುಖ ನೋಡಬೇಕು, ಅದೂ ಗೊತ್ತು.

ಆ ಮುಖದಲ್ಲಿ ಈಗ ಇರುವುದು ಒಂದೇ ಕಣ್ಣು. ದೀಪಾವಳಿ ಮುಗಿದ ವಾರ, ಬೆಳಗಿನ ಹೊತ್ತು, ಪರಮೇಶಪ್ಪ ಇದೇ ಬದುವಿನ ಮೇಲೆ ತನ್ನ ಹೊಲಕ್ಕೆ ಬರುತ್ತಿದ್ದ, ತಿರುವಿನಲ್ಲಿ ಹುತ್ತ ಕೆದರುತ್ತಿದ್ದ ಕರಡಿ ಬೆಚ್ಚಿ ತಿರುಗಿತು, ಒಂದೇ ಏಟು, ಎಡಗಣ್ಣು ಹೋಯಿತು, ಕೆನ್ನೆ, ತುಟಿ ಹರಿಯಿತು, ಹಿಂದೆ ಬರುತ್ತಿದ್ದ ಹೆಂಡತಿ ಗುತ್ತೆವ್ವ ಬುತ್ತಿಯ ಗಂಟನ್ನೇ ಅದರ ಮೇಲೆ ಎಸೆದು ಕಿರುಚಿದ್ದಕ್ಕೆ ಜೀವ ಉಳಿಯಿತು. ಅರಣ್ಯದವರು ಬಂದು ಜೇನುತುಪ್ಪ ಇಟ್ಟು ಬೋನು ಹೂಡಿದರು, ಅದು ಬಾಗಿಲತನಕ ಬಂದು ಮೂಸಿ ಹಿಂದಕ್ಕೆ ಹೋಯಿತು. ಗುತ್ತೆವ್ವ ಅಂಗಡಿಯ ಮುಂದೆ ಬಂದು ನಿಂತಳು, ಗಿರಾಕಿಗಳ ಎದುರಿಗೇ ಅತ್ತಳು — ಅಣ್ಣಾ, ನಾ ದಿನಾ ಇದ ದಾರ್ಯಾಗ ಹೋಗಬೇಕು, ಮೊಮ್ಮಗಳು ಮಧುಶ್ರೀ ಇದ ದಾರ್ಯಾಗ ಸಾಲಿಗೆ ಹೋಗತೈತಿ, ಯಾರನ್ನ ಕಾವಲಿಡ್ಲಿ ಹೇಳು. ಕೈಯಲ್ಲಿ ಕತ್ತಿ, ಎದುರಿಗೆ ಅರ್ಧ ಬಿಡಿಸಿದ ಕುರಿ. ಆಮೇಲೆ ಹುಬ್ಬಳ್ಳಿಯ ದವಾಖಾನೆಗೆ ಹೋದಾಗ ಪರಮೇಶಪ್ಪನೇ ಹತ್ತಿರ ಕರೆದು ಪಿಸುಗುಟ್ಟಿದ, ಹೊಲಿಗೆ ಹಾಕಿದ ತುಟಿಯಲ್ಲಿ ಮಾತು ಸೋರುತ್ತಿತ್ತು — ಬಾಬಾ, ಬೆಲ್ಲ ಇಡು, ಮೂರು ದಿನ ರೂಢಿ ಹಚ್ಚು, ತಿನ್ನೂಮುಂದ ಹೊಡಿ. ಕೂಗದನ ಹೊಡೀಲೇನೋ, ಎಂದು ಬಾಬಾಜಾನ ಕೇಳಿದ. ಕೂಗು ಗೀಗು ಏನೂ ಬ್ಯಾಡ, ನನ್ನ ಕಣ್ಣು ಕೀಳೂಮುಂದ ಅದು ಕೂಗಿತ್ತೇನಲೇ?

ಆದರೆ ಕೂಗು ಕಲಿಸಿದವನು ಪರಮೇಶಪ್ಪನೇ ಅಲ್ಲವೇ — ಹೋಳಿಹುಣ್ಣಿಮೆಯ ಮರುದಿನ ಊರವರೆಲ್ಲ ಸೇರಿ ಮೊಲದ ಬೇಟೆಗೆ ಹೋಗುತ್ತಿದ್ದ ಕಾಲ, ಬಾಬಾಜಾನನಿಗೆ ಹದಿನೇಳು, ಪರಮೇಶಪ್ಪನಿಗೆ ಇಪ್ಪತ್ತು, ಕೂತ ಪ್ರಾಣಿ ಕಂಡರೆ ಮೊದಲು ಹೋಯ್ ಎಂದು ಕೂಗಬೇಕು, ಅದು ಎದ್ದು ಓಡಬೇಕು, ಆಮೇಲೆ ಕೋಲು, ಆಮೇಲೆ ನಾಯಿ, ಅದು ಊರಿನ ಕಟ್ಟಳೆ, ಕೂಗದೆ ಹೊಡೆದವನಿಗೆ ಪಾಲಿಲ್ಲ. ಮೊದಲ ವರ್ಷವೇ ಇವನು ಪೊದೆಯಲ್ಲಿ ಕಣ್ಣು ಮುಚ್ಚಿ ಕೂತ ಮೊಲಕ್ಕೆ ಬಡಿಗೆ ಎಸೆದು ಕೊಂದ, ಎತ್ತಿ ತೋರಿಸಿ ಕುಣಿದಾಡಿದ. ಪರಮೇಶಪ್ಪ ಅದನ್ನು ಕಿತ್ತುಕೊಂಡು ನಾಯಿಗಳ ಮುಂದೆ ಒಗೆದ — ಇದಕ್ಕ ಬ್ಯಾಟಿ ಅನ್ನಂಗಿಲ್ಲೋ ಕಳ್ಳ, ಇದು ಕಳವು. ಅಬ್ಬಾ, ಎಷ್ಟು ಸಿಟ್ಟು ಬಂದಿತ್ತು ಅವತ್ತು, ಮನೆಗೆ ಬಂದು ಉಂಡಿರಲಿಲ್ಲ. ಅದೇ ಪರಮೇಶಪ್ಪ ಮರುವರ್ಷದಿಂದ ಒಂದು ಮೊಲವನ್ನು ಜೀವಂತ ಹಿಡಿದು ಕಾಲು ಕಟ್ಟಿ ಇಡಿಸುತ್ತಿದ್ದ, ಎಲ್ಲರಿಗೂ ಹೇಳುತ್ತಿದ್ದ, ಬಾಬಾ ಬರೂಮಟ ಮುಟ್ಟಬ್ಯಾಡ್ರಲೇ, ಅವನ ಕೈಲೇ ಕೊಯ್ಬೇಕು, ಇಲ್ಲಂದ್ರ ಅವರ ಮನ್ಯಾಗ ತಿನ್ನಂಗಿಲ್ಲ. ಇಂಥವನ ಮಾತನ್ನು ತೆಗೆದುಹಾಕುವುದು ಹೇಗೆ. ಆದರೆ ಯಾವ ಮಾತನ್ನು, ಇಪ್ಪತ್ತರ ವಯಸ್ಸಿನಲ್ಲಿ ಆಡಿದ್ದನ್ನೋ, ದವಾಖಾನೆಯ ಮಂಚದ ಮೇಲೆ ಆಡಿದ್ದನ್ನೋ?

ಅಲ್ಲಾ, ತಿನ್ನಿಸಿ ಕೊಲ್ಲುವುದೇನು ತನಗೆ ಹೊಸದೇ, ನಲವತ್ತು ವರ್ಷದ ಕಸುಬೇ ಅದು — ಹೋತಕ್ಕೆ ತೊಪ್ಪಲು ಹಾಕು, ನೀರು ಕುಡಿಸು, ಕತ್ತಿಯನ್ನು ಅದರ ಕಣ್ಣಿಗೆ ಬೀಳದ ಹಾಗೆ ಬೆನ್ನ ಹಿಂದೆ ಹಿಡಿ, ಬಿಸ್ಮಿಲ್ಲಾ, ಒಂದೇ ಎಳೆತ. ಅಪ್ಪ ಹೇಳಿಕೊಟ್ಟದ್ದು ಹಾಗೆ, ಹಸಿದದ್ದನ್ನು ಕೊಯ್ದರೆ ಪಾಪ ಎಂದು. ಇಲ್ಲಿ ತಿನ್ನುತ್ತ ಕೂತದ್ದನ್ನು ಕೂಗದೆ ಹೊಡೆದರೆ ಪಾಪ ಎಂದು ಇನ್ನೊಂದು ಕಟ್ಟಳೆ, ನಡುವೆ ನಾನೊಬ್ಬ, ಮುದುಕ, ಕಾಲು ಜೋಮು ಹಿಡಿದಿದೆ. ಬೆಳಿಗ್ಗೆ ಬೆಲ್ಲ ಕಟ್ಟಿಕೊಳ್ಳುವಾಗ ಹೆಂಡತಿ ಕುಲಸುಮಬಿ ಚಹಾದ ಲೋಟ ಇಡುತ್ತ ಅಂದಳು, ಹೋತ ನಿಮ್ಮದು, ಹುಟ್ಟಿದಂದಿನಿಂದ ಸಾಕಿದ್ದೀರಿ, ನೀವು ಹಾಕುವ ಮೇವಿಗೆ ಅರ್ಥವಿದೆ, ಆ ಕರಡಿಗೆ ನೀವು ಏನಾಗಬೇಕು? ಅವಳಿಗೆ ಯಾವಾಗಲೂ ಹೀಗೆಯೇ, ಅಡುಗೆಮನೆಯಿಂದ ಒಂದು ಮಾತು ಬಿಸಾಕಿ ಹೋಗಿಬಿಡುತ್ತಾಳೆ, ಹೊತ್ತು ತಿರುಗುವವನು ಇವನು. ಸವಣೂರಿನ ಅಜ್ಜ ಒಂದು ಕಥೆ ಹೇಳುತ್ತಿದ್ದ, ಹಿಂದೆ ದೊಡ್ಡವರು ಆಡಿನ ಮರಿ ಕಟ್ಟಿ ಮಂಚಿಕೆಯ ಮೇಲೆ ಕೂತು ಚಿರತೆ ಹೊಡೆಯುತ್ತಿದ್ದರಂತೆ, ಅದೂ ಬ್ಯಾಟಿನ ಏನಜ್ಜಾ ಎಂದು ಕೇಳಿದರೆ ಬೊಚ್ಚುಬಾಯಿ ತೆರೆದು ನಗುತ್ತಿದ್ದ — ದೊಡ್ಡವರು ಹೊಡದ್ರ ಶಿಕಾರಿ ಅಂತಾರಪ್ಪಾ. ನಾನೇನು ದೊಡ್ಡವನೇ, ನಾನು ಗೆಳೆಯನ ಕಣ್ಣಿಗಾಗಿ ಬಂದವನು, ಆ ಹುಡುಗಿ ಸಾಲಿಗೆ ಹೋಗುವ ದಾರಿಗಾಗಿ ಬಂದವನು, ಇದು ಬೇಟೆಯಾದರೆಷ್ಟು ಬಿಟ್ಟರೆಷ್ಟು, ಎನ್ನುತ್ತಾನೆ, ಎಂದ ಮೇಲೂ ನಾಚಿಕೆ, ಹೌದು ನಾಚಿಕೆಯೇ.

ಬಿಸಿಲು ಜೋಳದ ಪೈರಿನ ತುದಿಯ ಸೂಲಂಗಿಗೆ ಬಂತು, ದೂರದಲ್ಲಿ ದನಗಳನ್ನು ಊರ ಕಡೆ ಹೊಡೆಯುವ ಸದ್ದು, ಆಮೇಲೆ ನೆಲದ ಒಣ ರವದಿ ಸರಸರ ಎಂದಿತು, ಬಂತು. ಕಳ್ಳಹೆಜ್ಜೆ ಹಾಕಲಿಲ್ಲ, ಸುತ್ತು ಹೊಡೆಯಲಿಲ್ಲ, ತನ್ನ ಮನೆಯ ಅಂಗಳಕ್ಕೆ ಬರುವವರ ಹಾಗೆ ನೆಟ್ಟಗೆ ಬಂದು ಬಂಡೆಯ ಮುಂದೆ ಕುಕ್ಕರಿಸಿತು, ಮೈತುಂಬ ಹುತ್ತದ ಮಣ್ಣು, ಎದೆಯ ಮೇಲೆ ಬಿಳಿ ಪಟ್ಟೆ, ಉದ್ದನೆಯ ಉಗುರಿನಿಂದ ಬೆಲ್ಲ ಒಡೆದು ಸೊರ್ ಸೊರ್ ಎಂದು ಚೀಪತೊಡಗಿತು, ಎಷ್ಟು ಸದ್ದು ಮಾರಾಯ, ಬಂದೂಕಿನ ಕುದುರೆ ಹಿಂದಕ್ಕೆಳೆದು ಸಜ್ಜುಮಾಡಿದ್ದು ಅದಕ್ಕೆ ಕೇಳಿಸಲೇ ಇಲ್ಲ. ನಳಿಗೆಯ ತುದಿ ಬಿಳಿ ಪಟ್ಟೆಯ ಮೇಲೆ ಕೂತಿತು, ಈಗ, ಇನ್ನೇನು ಈಗ — ಹೋಯ್! ಯಾರು ಕೂಗಿದ್ದು? ಅವನೇ. ಬಾಯಿ ತಾನಾಗಿಯೇ ತೆರೆದುಕೊಂಡಿತ್ತು, ನಲವತ್ತನಾಲ್ಕು ವರ್ಷದ ಹಿಂದಿನ ಬಾಯಿ. ಕರಡಿ ತಲೆ ಎತ್ತಿತು. ಓಡು, ಓಡಲೇ, ಎದ್ದು ಓಡು, ಓಡಿದರೆ ಹೊಡೆಯುತ್ತೇನೆ, ತಪ್ಪಿಸಿಕೊಂಡರೆ ನಿನ್ನ ಪುಣ್ಯ, ಎಂದು ಒಳಗೊಳಗೇ ಅಂಗಲಾಚಿದ. ಅದು ಉದ್ದನೆಯ ಮೂಗನ್ನು ಮರದ ಕಡೆ ತಿರುಗಿಸಿ ಗಾಳಿ ಹೀರಿತು. ಗಾಳಿ ಇವನ ಕಡೆಯಿಂದ ಅದರ ಕಡೆಗೆ ಬೀಸುತ್ತಿತ್ತು, ಕುರಿಯ ಕೊಬ್ಬು ಅಂಟಿದ ಈ ಕೈಯ ವಾಸನೆ, ಮೂರು ದಿನವೂ ಆ ಬೆಲ್ಲಕ್ಕೆ ಹತ್ತಿದ್ದ ಅದೇ ವಾಸನೆ. ಮೂಸಿತು, ಗೊತ್ತಾಯಿತು, ಊಟ ಇಟ್ಟವನು ಇವನೇ ಎಂದು. ಮತ್ತೆ ತಲೆ ತಗ್ಗಿಸಿ ತಿನ್ನತೊಡಗಿತು.

ಯಾ ಅಲ್ಲಾ. ಇನ್ನೊಮ್ಮೆ ಕೂಗಿದ, ಗಂಟಲು ಹರಿಯುವ ಹಾಗೆ, ಈ ಸಲ ಅದು ತಲೆಯನ್ನೂ ಎತ್ತಲಿಲ್ಲ. ಇಳಿದು ಹೋಗಿಬಿಡಲೇ, ಬೀಡಿ ಹಚ್ಚಿ ಮನೆಗೆ ನಡೆಯಲೇ — ಹೋಗಬಹುದು, ಆದರೆ ನಾಳೆ ಗುತ್ತೆವ್ವ ಬುತ್ತಿ ಹೊತ್ತು ಈ ಬದುವಿನ ಮೇಲೆ ಬರುತ್ತಾಳೆ, ಮೊದಲಾದರೆ ಮನುಷ್ಯರ ವಾಸನೆಗೆ ಇದು ಸರಿದು ಹೋಗುತ್ತಿತ್ತು, ಈಗ ಸರಿಯುವುದಿಲ್ಲ, ಹತ್ತಿರ ಬರುತ್ತದೆ, ಬುತ್ತಿ ಕೇಳುತ್ತದೆ, ಮಧುಶ್ರೀಯ ಪಾಟೀಚೀಲ ಮೂಸುತ್ತದೆ, ಅವರು ಕಿರುಚುತ್ತಾರೆ, ಅದು ಬೆಚ್ಚುತ್ತದೆ. ರೂಢಿ ಹಚ್ಚಿದವನು ನಾನು. ಇನ್ನು ಬಿಟ್ಟುಹೋಗುವ ಹಾದಿಯನ್ನೂ ನಾನೇ ಮುಚ್ಚಿಕೊಂಡೆನಲ್ಲಪ್ಪಾ. ಹೊಡೆದ. ಗಿಳಿಗಳು ಜೋಳದಿಂದ ಒಮ್ಮೆಲೇ ಎದ್ದವು, ಭುಜಕ್ಕೆ ಒದೆ, ಹೊಗೆ. ಅದು ಎರಡು ಹೆಜ್ಜೆ ಇಟ್ಟು ಬಿತ್ತು, ಆಮೇಲೆ ಸದ್ದಿಲ್ಲ.

ಇಳಿಯುವಾಗ ಹುಣಸೆಯ ತೊಗಟೆಗೆ ಅಂಗೈ ತರಚಿತು, ಹತ್ತಿರ ಹೋಗಬೇಕು, ಹೋಗಲಿಲ್ಲ, ಬದುವಿನ ಮೇಲೆ ಕೂತ, ಜೇಬಿನಲ್ಲಿ ಫೋನು ಬಡಕೊಳ್ಳತೊಡಗಿತು, ಗುತ್ತೆವ್ವ ಸದ್ದು ಕೇಳಿ ದವಾಖಾನೆಯಲ್ಲಿದ್ದ ಗಂಡನಿಗೆ ತಿಳಿಸಿರಬೇಕು, ಪರಮೇಶಪ್ಪನದೇ ದನಿ — ಬಿತ್ತೇನೋ? ಬಿತ್ತು. ಬಾಬಾ, ನಾ ಬ್ಯಾಡ ಅಂದಿದ್ದೆ ಖರೇ, ಆದ್ರೂ ಕೇಳ್ತೇನಿ, ಕೂಗಿದ್ಯೇನು? ಕೂಗಿದೆ. ಆಹಾ, ಎಂದ ಪರಮೇಶಪ್ಪ, ಅಳುತ್ತಿದ್ದನೋ ನಗುತ್ತಿದ್ದನೋ, ಕೂಗ್ತೀ ಅಂತ ಗೊತ್ತಿತ್ತಲೇ ನನಗ, ರಾತ್ರಿಯೆಲ್ಲಾ ನಿದ್ದಿ ಹತ್ತಿರಲಿಲ್ಲ, ಹಂಗ ಹೇಳಿ ಕಳಿಸಿದ್ನಲ್ಲಾ ಅಂತ, ಪಾಡಾತು ಬಿಡು, ಬ್ಯಾಟಿನ ಆತು ಹಂಗಾರ, ಎಷ್ಟು ದೂರ ಓಡಿತ್ತು? ಬಾಬಾಜಾನ ಬಾಯಿ ತೆರೆದ, ಹತ್ತು ಮಾರು ಎನ್ನಬಹುದು, ಬದುವಿನತನಕ ಎನ್ನಬಹುದು, ಯಾರು ನೋಡಿದ್ದಾರೆ — ಅದು ತಲೆ ಎತ್ತಿತು, ಮೂಸಿತು, ಮತ್ತೆ ತಲೆ ತಗ್ಗಿಸಿತು. ಬಾಬಾ, ಕೇಳಾಕತ್ತೈತಿಲ್ಲೋ, ಎಷ್ಟು ದೂರ ಓಡಿತ್ತು? ತಲೆ ಎತ್ತಿತು, ಇವನೇ ಎಂದು ಗುರುತು ಹಿಡಿಯಿತು, ತಲೆ ತಗ್ಗಿಸಿತು. ತಲೆ ತಗ್ಗಿಸಿತು.