ಹಸಿರು ತಾಸಿನ ನೀರು

"ಕೈಲೆ ಮುಟ್ಟಬ್ಯಾಡ ಅಂದ್ರ ತಿಳಿಯಂಗಿಲ್ಲೇನು ನಿನಗ? ಬಡಗೀಲೆ ಒತ್ತು."

ಜಾನಕೀಬಾಯಿ ಅಡುಗೆಮನೆಯ ಕಿಟಕಿಯಿಂದಲೇ ಕೂಗಿದರು. ಭೀಮಬಾಯಿ ಕೈ ಹಿಂದಕ್ಕೆಳೆದುಕೊಂಡಳು. ಗೋಡೆಗೆ ಒರಗಿಸಿದ್ದ ಬಿದಿರಿನ ಬಡಿಗೆ ಎತ್ತಿ, ಅದರ ತುದಿಯಿಂದ ಮೋಟಾರಿನ ಸ್ವಿಚ್ ಒತ್ತಿದಳು. ಕತ್ತಲಲ್ಲಿ ಮೋಟಾರು ಗುರುಗುಟ್ಟಿತು. ಹಿತ್ತಲಿನ ಟಾಕಿಗೆ ನೀರು ಧುಮುಕತೊಡಗಿತು.

ಬ್ರಹ್ಮಪುರದ ಈ ಮನೆಯ ಹಿತ್ತಲಲ್ಲಿ ಅವಳು ಬಹಳ ವರ್ಷಗಳಿಂದ, ಜಾನಕೀಬಾಯಿ ಮೇಲಿಂದ ಸುರಿದುಕೊಟ್ಟ ನೀರಿನಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು. ಬರುತ್ತಿದ್ದುದು ಬಿಸಿಲು ಬಿದ್ದ ಮೇಲೆ. ಟಾಕಿ ತುಂಬಿಸುವ ಕೆಲಸ ಮಡಿಯುಟ್ಟ ಜಾನಕೀಬಾಯಿಯವರದೇ ಆಗಿತ್ತು. ಹೊಸ ಮೀಟರು ಬಂದ ಮೇಲೆ ಎಲ್ಲ ಬದಲಾಯಿತು.

ಪ್ರಯೋಗವೆಂದು ಆ ಓಣಿಯ ಮನೆಗಳಿಗೆ ಹೊಸ ಮೀಟರು ಕೂಡಿಸಿದ್ದರು. ಕರೆಂಟಿನ ಸಾಹೇಬನೊಬ್ಬ ಬಂದು ಬಣ್ಣದ ಹಾಳೆ ಹಂಚಿದ್ದ. ನಸುಕಿನ ತಾಸು ಹಸಿರು, ಆಗ ಕರೆಂಟು ಸೋವಿ. ಹಗಲು, ಸಂಜೆ ಕೆಂಪು, ಆಗ ದುಬಾರಿ.

"ಕರೆಂಟ್ ಬಳಸಬ್ಯಾಡ್ರಿ ಅಂತ ನಾವು ಅನ್ನಂಗಿಲ್ಲ, ಬಾಯಾರ. ಹೊತ್ತಷ್ಟ ಬದಲಿ ಮಾಡ್ರಿ. ಯಾರಿಗೂ ತ್ರಾಸಿಲ್ಲ," ಎಂದಿದ್ದ.

"ನಸಕಿನ್ಯಾಗ ನನ್ನ ಮೊಳಕಾಲು ಮಡಚಂಗಿಲ್ರಿ. ಇರಲಿ, ಭೀಮಿ ಬರ್ತಾಳ," ಎಂದಿದ್ದರು ಜಾನಕೀಬಾಯಿ. ಆಮೇಲೆ ಗಂಡನ ಕಡೆ ತಿರುಗಿ, "ಅಕಿ ಸ್ವಿಚ್ ಮುಟ್ಟಿದ್ರ ನಡೀತದೇನ್ರಿ?"

ವಾಸುದೇವಾಚಾರ್ಯರು ಯೋಚಿಸಿದರು. "ಕರೆಂಟಿಗೆ ಮೈಲಿಗಿ ಇಲ್ಲ. ಸ್ವಿಚ್ಚಿಗೆ ಅದ. ಒಣಾ ಬಿದರು ಕೊಡು."

"ಛಲೋ ಆತು ಬಿಡ್ರಿ, ಶಾಕೂ ಹೊಡಿಯಂಗಿಲ್ಲ," ಎಂದು ಸಾಹೇಬ ನಕ್ಕಿದ್ದ.

ಬೂದಿ ಮೆತ್ತಿದ ಕೈಯಲ್ಲೇ ಎದ್ದು ನಿಂತು ಭೀಮಬಾಯಿ ಹೇಳಿದ್ದಳು: "ನಮ್ಮ ಓಣ್ಯಾಗ ನಳ ಬರೋದೂ ಅದೇ ಹೊತ್ತಿಗಿ, ಬಾಯಾರ."

"ಆಗಂಗಿಲ್ಲಂದ್ರ ಹೇಳಿಬಿಡು. ಬ್ಯಾರೆದವರು ಬರ್ತಾರ."

ಭೀಮಬಾಯಿಯ ಗಂಡ ಮಾಪಣ್ಣ ಕಮಲಾಪುರದಲ್ಲಿ ಯಾರದೋ ಕೆಂಪು ಬಾಳೆಯ ತೋಟಕ್ಕೆ ನೀರು ಕಟ್ಟುತ್ತಿದ್ದ. ಅಲ್ಲಿ ಪಂಪಿಗೆ ಕರೆಂಟು ಬಿಡುತ್ತಿದ್ದುದೇ ರಾತ್ರಿ, ಹಾಗಾಗಿ ಅವನು ತೋಟದಲ್ಲೇ ಉಳಿಯುತ್ತಿದ್ದ. ನಸುಕಿನಲ್ಲಿ ನಳಕ್ಕೆ ಹೋಗಲು ಉಳಿದವಳು ಕಣ್ಣು ಮಂಜಾದ ಅತ್ತೆ ಬಂಡೆಮ್ಮ. ನೂಕಾಟದಲ್ಲಿ ಸಿಕ್ಕು, ಖಾಲಿ ಕೊಡ ಹೊತ್ತು ತಿರುಗಿ ಬರುತ್ತಿದ್ದಳು. ಮನೆಯಲ್ಲಿ ಗಟಾರದ ಪಕ್ಕದ ಬೋರಿಂಗಿನ ನೀರೇ ಗತಿಯಾಯಿತು. ಈಗಷ್ಟೇ ಹೆಜ್ಜೆ ಇಡುತ್ತಿದ್ದ ಮಗಳು ಭಾಗಮ್ಮನಿಗೆ ಭೇದಿ ಹತ್ತಿತು.

"ಆ ಬೋರಿಂಗಿನ ನೀರು ಬ್ಯಾಡ. ಛಲೋ ನೀರು ಕುದಿಸಿ ಆರಿಸಿ, ಸಕ್ಕರಿ, ಉಪ್ಪು ಹಾಕಿ ಗುಟುಕು ಗುಟುಕು ಕುಡಸು. ಬಿಡಬ್ಯಾಡ," ಎಂದರು ಸರಕಾರಿ ದವಾಖಾನೆಯ ಡಾಕ್ಟರು.

ಪಕ್ಕದ ಮನೆಯ ತುಳಜಾಬಾಯಿ ತನ್ನಲ್ಲಿದ್ದ ತಂಬಿಗೆ ನೀರು ತಂದುಕೊಟ್ಟಳು. "ಅವರ ಮೀಟರಿಗಿ ಬೆಂಕಿ ಬೀಳಲಿ. ಆ ರಂಡೇಮಕ್ಕಳಿಗಿ ಸೋವಿ ಕರೆಂಟು, ನಿನ್ನ ಕೂಸಿಗಿ ಗಟಾರದ ನೀರು. ನಾಳಿ ಹೋಗಬ್ಯಾಡ."

"ಹೋಗದಿದ್ರ ಉಣ್ಣೋದೇನು?"

"ಈಗೇನು ಹೋಳಿಗಿ ಉಣ್ಣಾಕತ್ತೀಯಾ?"

ತಂಬಿಗೆ ಮಧ್ಯಾಹ್ನಕ್ಕೇ ಬರಿದಾಯಿತು. ಸಂಜೆ ಭೀಮಬಾಯಿ ಕೊಡ ಹಿಡಿದು ಬ್ರಹ್ಮಪುರಕ್ಕೆ ಹೋದಳು.

"ಬಾಯಾರ, ಕೂಸಿನ ಬಾಯಿ ಒಣಗ್ಯಾದ. ಒಂದ ಕೊಡ ನೀರು ಕೊಡ್ರಿ."

ಜಾನಕೀಬಾಯಿ ಗೋಡೆಯ ಮೇಲಿನ ಹಾಳೆ ತೋರಿಸಿದರು. "ಈಗ ಕೆಂಪು ತಾಸು ನಡದದ. ಟಾಕಿ ಇಳೀತಂದ್ರ ಮತ್ತ ಮೋಟಾರ್ ಹಾಕಬೇಕು. ನಸಕಿನ್ಯಾಗ ಬರ್ತೀಯಲ್ಲ, ಆಗ ನಾನೇ ಮ್ಯಾಲಿಂದ ಹಾಕ್ತೀನಿ."

ಮರುದಿನ ನಸುಕಿನಲ್ಲಿ ಟಾಕಿ ತುಂಬಿ ತುಳುಕಿತು. ಭೀಮಬಾಯಿ ಮೋಟಾರು ನಿಲ್ಲಿಸಿ ಕೊಡ ಮುಂದಿಟ್ಟುಕೊಂಡು ಕೂತಳು. ಒದ್ದೆ ಸೀರೆಯ ಜಾನಕೀಬಾಯಿ ಬಾಗಿಲಿಗೆ ಬಂದರು.

"ಮಡಿ ಉಟ್ಟೀನಿ. ಈಗ ನಿನ್ನ ಕೊಡಕ್ಕ ಹಾಕಿದ್ರ ಮತ್ತ ಮೈ ತೊಳಕೋಬೇಕು. ಪೂಜಾ ಮುಗೀಲಿ, ತಡಿ."

ಒಳಗೆ ಗಂಟೆ ಮೊಳಗಿತು. ಮಂತ್ರ ಸುರುವಾಯಿತು. ಹಿತ್ತಲಿಗೆ ನಿಧಾನವಾಗಿ ಬೆಳಕು ಬಂತು. ಮಂತ್ರ ಮುಗಿಯಲಿಲ್ಲ.

ಭೀಮಬಾಯಿ ಎದ್ದಳು. ಕೊಡವನ್ನು ಟಾಕಿಯೊಳಗೆ ಮುಳುಗಿಸಿದಳು. ಮೊಳಕೈವರೆಗೆ ನೀರು ತಣ್ಣಗೆ ಹತ್ತಿತು. ಕೊಡ ಬುಡುಬುಡು ಸದ್ದು ಮಾಡುತ್ತ ತುಂಬಿತು.

"ಎಲ್ಲಾ ಹೊಲಸು ಮಾಡಿದ್ಯಲ್ಲ, ಮುಂಡೆ," ಕಿಟಕಿಯಲ್ಲಿ ಜಾನಕೀಬಾಯಿಯವರ ಮುಖ ಕಂಡಿತು.

"ಕೈ ಅದು, ಬಾಯಾರ. ಹಾವಲ್ಲ."

"ನಾಳಿಂದ ಈ ಹಿತ್ತಲಕ್ಕ ಕಾಲಿಡಬ್ಯಾಡ."

"ಇಡಂಗಿಲ್ರಿ."

ಆಚಾರ್ಯರು ಪೂಜೆ ಬಿಟ್ಟು ಬಂದು ಟಾಕಿಯ ಬೂಚು ಕಿತ್ತರು. ತುಂಬಿದ ಟಾಕಿಯ ನೀರೆಲ್ಲ ಗಟಾರಕ್ಕೆ ಹರಿಯಿತು. "ಕೆಂಪು ತಾಸು ಸುರು ಆತಲ್ರಿ," ಎಂದು ಜಾನಕೀಬಾಯಿ ಹಲುಬಿದರು. ಆಚಾರ್ಯರು ತಾವೇ ಸ್ವಿಚ್ ಒತ್ತಿದರು. ಕೊಡ ಹೊತ್ತು ಓಣಿಯ ತಿರುವು ದಾಟುವವರೆಗೂ ಭೀಮಬಾಯಿಗೆ ಮೋಟಾರಿನ ಸದ್ದು ಕೇಳುತ್ತಿತ್ತು.

ಮನೆಯಲ್ಲಿ ಬಂಡೆಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. "ಅಳೂದು ಬಿಟ್ಟಾಳ ನೋಡವ್ವ," ಎಂದಳು. ಭೀಮಬಾಯಿ ಒಲೆ ಹೊತ್ತಿಸಿದಳು. ನೀರು ಕುದಿಸಿ, ತಟ್ಟೆಗೆ ಸುರಿದು ಬೀಸಿ ಬೀಸಿ ಆರಿಸಿದಳು. ಸಕ್ಕರೆ, ಉಪ್ಪು ಕದಡಿದಳು. ಬೆರಳದ್ದಿ ಬಿಸಿ ನೋಡಿ, ಒಂದು ಚಮಚ ಭಾಗಮ್ಮನ ತುಟಿಗೆ ಹಿಡಿದಳು.

ನೀರು ಬಾಯಿಯ ಒಂದು ಮೂಲೆಯಿಂದ ಹೊರಗೆ ಬಂದು ಕತ್ತಿಗಿಳಿಯಿತು. ಭೀಮಬಾಯಿ ಅದನ್ನು ಸೆರಗಿನಿಂದ ಒರೆಸಿ, ಮತ್ತೊಂದು ಚಮಚ ತುಂಬಿಕೊಂಡಳು.